ರೂಟರ್‌ಗೊಂದು ಬೊಟ್ಟು: ರಾತ್ರಿ ಕಣ್ಣಿಗೆ ಚುಚ್ಚುವ ಬೆಳಕನ್ನು ತಗ್ಗಿಸೋದು ಹೇಗೆ?

ಹೋದ ವರ್ಷ ಅಮ್ಮ ಊರಿಂದ ಬಂದು ನಮ್ಮನೆಯಲ್ಲಿ ಹದಿನೈದು ದಿನ ಇದ್ದರು. ರೂಮಿನಲ್ಲಿ ಮಲಗಿ ಅಂತ ಎಷ್ಟು ಹೇಳಿದರೂ ಕೇಳದೆ ಹಾಲ್‌ನಲ್ಲೇ ಚಾಪೆ ಹಾಸಿಕೊಂಡರು. ಮಾರನೇ ದಿನ ಕಾಫಿ ಕುಡಿಯುತ್ತಾ, "ಅದೇನೋ ಅದು ಟಿವಿ ಪಕ್ಕದಲ್ಲಿರೋದು? ರಾತ್ರಿಯೆಲ್ಲಾ ನನ್ನನ್ನೇ ನೋಡ್ಕೊಂಡು ಪಿಳಿಪಿಳಿ ಕಣ್ಣು ಬಿಡ್ತಿತ್ತು" ಅಂದರು. ಅದು ವೈಫೈ ರೂಟರ್.

ಆವತ್ತು ರಾತ್ರಿ ಲೈಟ್ ಆರಿಸಿ ನಾನೂ ಆ ಚಾಪೆ ಮೇಲೆ ಕೂತು ಎಣಿಸಿದೆ. ರೂಟರ್‌ನಲ್ಲಿ ಐದು ಹಸಿರು ದೀಪ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಒಂದು ನೀಲಿ. ಟಿವಿಯಲ್ಲಿ ಒಂದು ಕೆಂಪು. ಇನ್ವರ್ಟರ್‌ನಲ್ಲಿ ಎರಡು, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಒಂದು, ಸೊಳ್ಳೆ ಮೆಷಿನ್‌ನಲ್ಲಿ ಇನ್ನೊಂದು. ಒಟ್ಟು ಹನ್ನೊಂದು. ಅಷ್ಟರಲ್ಲಿ ಟೈಮ್ ಎಷ್ಟಾಯ್ತು ಅಂತ ಫೋನ್ ತೆಗೆದೆ. ಬ್ರೈಟ್‌ನೆಸ್ ಪೂರ್ತಿ ಕೆಳಗಿತ್ತು. ಆದರೂ ಮುಖಕ್ಕೆ ಟಾರ್ಚ್ ಬಿಟ್ಟ ಹಾಗಾಯ್ತು.

ಇದೇ ಫೋನ್, ಇದೇ ಬ್ರೈಟ್‌ನೆಸ್, ಸಂಜೆ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಏನೂ ಕಾಣಿಸುವುದಿಲ್ಲ. ಹಾಗಿದ್ದರೆ ಬದಲಾಗಿದ್ದು ಯಾವುದು? ಫೋನ್ ಅಲ್ಲ, ಕಣ್ಣು.

ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಬಗೆ

ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿರುತ್ತದೆ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅನ್ನುವ ಅಳತೆ. ಹುಣ್ಣಿಮೆಯ ಬೆಳದಿಂಗಳಲ್ಲಿ ಅದು ಕಾಲು ಲಕ್ಸ್ ಇದ್ದರೆ ಹೆಚ್ಚು. ಎರಡರಲ್ಲೂ ನಮಗೆ ದಾರಿ ಕಾಣುತ್ತದೆ. ನಾಲ್ಕು ಲಕ್ಷ ಪಟ್ಟು ವ್ಯತ್ಯಾಸವನ್ನು ಒಂದೇ ಕಣ್ಣು ಸಂಭಾಳಿಸುತ್ತದೆ ಅಂದರೆ ಸುಮ್ನೆ ಅಲ್ಲ.

ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕನ್ನು ಜಾಸ್ತಿ ಒಳಗೆ ಬಿಡುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ನಿಜವೇ. ಆದರೆ ಅದು 2 ಮಿಲಿಮೀಟರ್‌ನಿಂದ 8 ಮಿಲಿಮೀಟರ್‌ಗೆ ಅಗಲವಾದರೂ ಒಳಗೆ ಹೋಗುವ ಬೆಳಕು ಹದಿನಾರು ಪಟ್ಟು ಹೆಚ್ಚಬಹುದು, ಅಷ್ಟೇ. ಮಿಕ್ಕಿದ್ದೆಲ್ಲಾ ಹಿಂದಿನ ಪರದೆ, ಅಂದರೆ ಅಕ್ಷಿಪಟದ ಕೆಲಸ. ಅಲ್ಲಿ ಎರಡು ಥರದ ಕೋಶಗಳಿವೆ. ಬಣ್ಣ ನೋಡುವ ಶಂಕು ಕೋಶಗಳು ಹಗಲಿನವು. ಬರೀ ಕಪ್ಪು ಬಿಳುಪು ನೋಡುವ ದಂಡ ಕೋಶಗಳು ರಾತ್ರಿಯವು. ಕತ್ತಲಾದ ಮೇಲೆ ಶಂಕು ಕೋಶಗಳು ಹತ್ತು ನಿಮಿಷದಲ್ಲಿ ತಮ್ಮ ಕೈಲಾದಷ್ಟು ಹೊಂದಿಕೊಂಡು ಸುಮ್ಮನಾಗುತ್ತವೆ. ದಂಡ ಕೋಶಗಳಿಗೆ ಅರ್ಧ ಗಂಟೆ ಬೇಕು. ಹಗಲಿನ ಬೆಳಕಿಗೆ ಅವುಗಳಲ್ಲಿನ ರೊಡಾಪ್ಸಿನ್ ಎಂಬ ವಸ್ತು ಸವೆದು ಹೋಗಿರುತ್ತದೆ, ಅದು ಮತ್ತೆ ತುಂಬಿಕೊಳ್ಳುವುದಕ್ಕೆ ಅಷ್ಟು ಹೊತ್ತು. ಅದನ್ನು ತಯಾರಿಸಲು ವಿಟಮಿನ್ ಎ ಬೇಕು. ಅದು ಕಡಿಮೆಯಾದರೆ ಇರುಳುಗುರುಡು ಬರುವುದು ಇದೇ ಕಾರಣಕ್ಕೆ. ನುಗ್ಗೆಸೊಪ್ಪು ತಿನ್ನು ಅಂತ ಅಜ್ಜಿಯರು ಬೆನ್ನು ಹತ್ತುತ್ತಿದ್ದುದು ಸುಮ್ಮನಲ್ಲ.

ಕರೆಂಟ್ ಹೋದ ತಕ್ಷಣ ಕೈ ಮುಂದೆ ಚಾಚಿ ಗೋಡೆ ತಡಕುತ್ತೇವೆ. ಸ್ವಲ್ಪ ಹೊತ್ತು ಹಾಗೇ ಕೂತರೆ ಕಿಟಕಿ, ಕುರ್ಚಿ, ಬಾಗಿಲು ಒಂದೊಂದಾಗಿ ಮೂಡುತ್ತವೆ. ರಾತ್ರಿ ಒಂದು ಗಂಟೆಗೆ ಎಚ್ಚರವಾದಾಗ ಕಣ್ಣು ಆ ಸ್ಥಿತಿಯ ತುದಿಯಲ್ಲಿರುತ್ತದೆ. ಎಲ್ಲ ಬಾಗಿಲೂ ತೆರೆದುಕೊಂಡು ಕೂತಿರುವ ಕಣ್ಣಿಗೆ ಫೋನಿನ ಬಿಳಿ ಪುಟ ತೋರಿಸಿದರೆ ಚುಚ್ಚದೆ ಇನ್ನೇನಾಗುತ್ತದೆ?

ಬಣ್ಣದ ಲೆಕ್ಕವೂ ರಾತ್ರಿ ಬದಲಾಗುತ್ತದೆ. ದಂಡ ಕೋಶಗಳಿಗೆ ನೀಲಿ ಮಿಶ್ರಿತ ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ಕಡುಗೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇದನ್ನು ನೋಡಲು ಯಾವ ಲ್ಯಾಬೂ ಬೇಡ. ಕಾಂಪೌಂಡಿನಲ್ಲಿ ಕೆಂಪು ದಾಸವಾಳದ ಗಿಡ ಇದ್ದರೆ ಮುಸ್ಸಂಜೆ ಹೊತ್ತು ಹೋಗಿ ನಿಂತುಕೊಳ್ಳಿ. ಹಗಲಲ್ಲಿ ಎಲೆಗಳ ನಡುವೆ ಉರಿಯುತ್ತಿದ್ದ ಹೂವು ಕತ್ತಲಾಗುತ್ತಾ ಕಪ್ಪಗಾಗುತ್ತದೆ, ಎಲೆಗಳೇ ಅದಕ್ಕಿಂತ ತಿಳಿಯಾಗಿ ಕಾಣಲು ಶುರುವಾಗುತ್ತವೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗಮನಿಸಿ ಬರೆದಿಟ್ಟರು. ಇವತ್ತಿಗೂ ಅದಕ್ಕೆ ಅವರದೇ ಹೆಸರಿದೆ.

ನಮ್ಮ ಹಾಲ್‌ನ ಹನ್ನೊಂದು ದೀಪಗಳಲ್ಲಿ ಟಿವಿಯ ಕೆಂಪು ಚುಕ್ಕಿ ಯಾರಿಗೂ ತೊಂದರೆ ಕೊಡದೆ, ಸೆಟ್‌ಟಾಪ್ ಬಾಕ್ಸ್‌ನ ನೀಲಿ ಇಡೀ ಗೋಡೆಗೆ ಬಣ್ಣ ಬಳಿದಿದ್ದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಎಲ್‌ಇಡಿಯ ಇತಿಹಾಸದಲ್ಲಿದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು 1962ರಲ್ಲಿ ನಿಕ್ ಹೊಲೊನ್ಯಾಕ್ ಮಾಡಿದರು. ಆಮೇಲೆ ಎಷ್ಟೋ ವರ್ಷ ಟೇಪ್‌ ರೆಕಾರ್ಡರ್, ರೇಡಿಯೊ, ಸ್ಟೆಬಿಲೈಸರ್ ಎಲ್ಲದರಲ್ಲೂ ಮಂಕಾದ ಕೆಂಪು ಇಲ್ಲವೇ ಹಸಿರು. ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಬಂದದ್ದು 1993ರಲ್ಲಿ, ಜಪಾನಿನ ಶುಜಿ ನಕಮುರ ಅವರಿಂದ. ಈ ಕೆಲಸಕ್ಕೆ ಅವರಿಗೂ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಅವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನೊಬೆಲ್ ಸಿಗಲೇಬೇಕಾದ ಕೆಲಸವೇ, ಬಿಳಿ ಎಲ್‌ಇಡಿ ಬಲ್ಬ್ ಸಾಧ್ಯವಾಗಿದ್ದು ಅದರಿಂದ. ಆದರೆ ನೀಲಿ ಅಂದರೆ ಹೊಸತು, ನೀಲಿ ಅಂದರೆ ಸ್ಟೈಲು ಅಂತ ಆದಮೇಲೆ ಚಾರ್ಜರ್‌ಗೂ ನೀಲಿ, ಸ್ಪೀಕರ್‌ಗೂ ನೀಲಿ. ಜೊತೆಗೆ ಎಲ್‌ಇಡಿಗಳು ವರ್ಷದಿಂದ ವರ್ಷಕ್ಕೆ ಚುರುಕಾಗಿವೆ. ಹಿಂದೆ 20 ಮಿಲಿಆಂಪಿಯರ್ ಕರೆಂಟ್ ಕೊಟ್ಟರೂ ಮಿಣುಕುತ್ತಿದ್ದ ಜಾಗದಲ್ಲಿ ಈಗ 1 ಮಿಲಿಆಂಪಿಯರ್ ಸಾಕು. ಅದಕ್ಕೆ ತಕ್ಕಂತೆ ಒಳಗಿನ, ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್ ಬದಲಾಯಿಸದಿದ್ದರೆ ಪುಟ್ಟ ದೀಪವೂ ರಾತ್ರಿ ಹೆಡ್‌ಲೈಟ್ ಆಗುತ್ತದೆ.

ಅಮ್ಮನ "ನನ್ನನ್ನೇ ನೋಡ್ತಿತ್ತು" ಅನ್ನುವ ಮಾತಿಗೂ ಒಂದು ಅರ್ಥ ಇದೆ. ನಾವು ನೇರವಾಗಿ ನೋಡುವ ಜಾಗ ಅಕ್ಷಿಪಟದ ನಟ್ಟನಡುವೆ ಬೀಳುತ್ತದೆ. ಅಲ್ಲಿ ದಂಡ ಕೋಶಗಳೇ ಇಲ್ಲ. ಅವೆಲ್ಲಾ ಸುತ್ತ ಇರೋದು. ಮಿನುಗುವ ದೀಪವನ್ನು ದಿಟ್ಟಿಸಿದರೆ ಅಷ್ಟೇನೂ ಅನಿಸುವುದಿಲ್ಲ. ಆಚೆ ತಿರುಗಿ ಮಲಗಿದರೆ ಕಣ್ಣಂಚಿನಲ್ಲಿ ಕೂತು ಕಾಟ ಕೊಡುತ್ತದೆ. ಅಮ್ಮನಿಗೆ ಪೊರೆ ಬೇರೆ ಶುರುವಾಗಿದೆ. ಪೊರೆ ಬಂದ ಕಣ್ಣಲ್ಲಿ ಬೆಳಕು ಚದುರುತ್ತದೆ, ಚುಕ್ಕಿ ದೀಪದ ಸುತ್ತ ಪ್ರಭಾವಳಿ ಕಾಣುತ್ತದೆ. ವಯಸ್ಸಾದವರು "ಕಣ್ಣಿಗೆ ಹೊಡೆಯುತ್ತೆ" ಅಂದರೆ ನಂಬಬೇಕು.

ಫೋನಿನ ಬೆಳಕಿಗೆ ಒಂದು ಸಣ್ಣ ಲೆಕ್ಕ

ಸ್ಕ್ರೀನ್ ಎಷ್ಟು ಬೆಳಗುತ್ತದೆ ಅನ್ನುವುದನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಈಗಿನ ಫೋನ್‌ಗಳು ಬಿಸಿಲಲ್ಲಿ 1000 ನಿಟ್ ದಾಟುತ್ತವೆ. ಕಡಿಮೆ ಅಂದರೆ 2 ನಿಟ್ ಆಸುಪಾಸಿಗೆ ಇಳಿಯುತ್ತವೆ. 15 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಸ್ಕ್ರೀನಿನಲ್ಲಿ ಪೂರ್ತಿ ಬಿಳಿ ಪುಟ ತೆರೆದು ಒಂದು ಅಡಿ ದೂರದಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. 500 ನಿಟ್ ಇದ್ದರೆ ನಿಮ್ಮ ಕಣ್ಣಿಗೆ ಬೀಳುವುದು ಸುಮಾರು 60 ಲಕ್ಸ್. 50 ನಿಟ್ ಇದ್ದರೆ 6 ಲಕ್ಸ್. 2 ನಿಟ್ ಇದ್ದರೆ ಕಾಲು ಲಕ್ಸ್, ಅಂದರೆ ಹುಣ್ಣಿಮೆ ಬೆಳದಿಂಗಳಷ್ಟು.

ಈ ಲೆಕ್ಕದಲ್ಲೇ ಮೂರು ಉಪಾಯ ಅಡಗಿವೆ. ನಿಟ್ ಇಳಿಸಬಹುದು. ಬೆಳಗುವ ಜಾಗವನ್ನೇ ಚಿಕ್ಕದು ಮಾಡಬಹುದು. ಇಲ್ಲವೇ ಫೋನನ್ನು ದೂರ ಹಿಡಿಯಬಹುದು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೂಗಿಗೆ ತಾಗಿಸಿಕೊಂಡು ನೋಡುವ ಅಭ್ಯಾಸ ಬಿಟ್ಟರೆ ಯಾವ ಸೆಟ್ಟಿಂಗೂ ಬೇಕಾಗಿಲ್ಲ ಅಂತ ಹೇಳಬಹುದಿತ್ತು. ನನ್ನಿಂದಂತೂ ಆಗಿಲ್ಲ.

ಮೊದಲು ನಿಟ್ ಇಳಿಸುವ ವಿಷಯ. ನಮ್ಮ ಕಣ್ಣು ಬೆಳಕನ್ನು ಕೂಡಿಸಿ ಕಳೆದು ಅಳೆಯುವುದಿಲ್ಲ, ಎಷ್ಟು ಪಟ್ಟು ಅಂತ ಅಳೆಯುತ್ತದೆ. 2 ನಿಟ್‌ನಿಂದ 20ಕ್ಕೆ ಹೋದಾಗ ಅನಿಸುವ ಬದಲಾವಣೆಯೂ 20ರಿಂದ 200ಕ್ಕೆ ಹೋದಾಗ ಅನಿಸುವುದೂ ಹೆಚ್ಚುಕಡಿಮೆ ಒಂದೇ. ಹಳೇ ಆಂಡ್ರಾಯ್ಡ್ ಫೋನ್‌ಗಳ ಸ್ಲೈಡರ್‌ಗೆ ಇದು ಗೊತ್ತಿರಲಿಲ್ಲ. ಎಡತುದಿಯಲ್ಲಿ ಕೂದಲೆಳೆಯಷ್ಟು ಸರಿಸಿದರೂ ಧಗ್ಗನೆ ಏರುತ್ತಿತ್ತು, ಬಲಗಡೆ ಎಷ್ಟು ಎಳೆದರೂ ವ್ಯತ್ಯಾಸ ಕಾಣುತ್ತಿರಲಿಲ್ಲ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಲ್ಲಿ ಇದನ್ನು ಕಣ್ಣಿನ ಲೆಕ್ಕಕ್ಕೆ ತಿದ್ದಿದರು. ಆಟೋ ಬ್ರೈಟ್‌ನೆಸ್ ನೀವು ಕೈಯಿಂದ ಮಾಡುವ ಬದಲಾವಣೆಯನ್ನು ಕಲಿಯಲು ಶುರು ಮಾಡಿದ್ದೂ ಆಗಲೇ. ಹಾಗಾಗಿ ಸಿಟ್ಟು ಬಂದು ಆಟೋ ಆಫ್ ಮಾಡಬೇಡಿ. ಅದನ್ನು ಹಾಗೇ ಬಿಟ್ಟು ನಾಲ್ಕೈದು ರಾತ್ರಿ ಕತ್ತಲಲ್ಲಿ ನೀವೇ ಇಳಿಸುತ್ತಾ ಬನ್ನಿ. ಅದಕ್ಕೆ ನಿಮ್ಮ ರೂಢಿ ಗೊತ್ತಾಗುತ್ತದೆ.

ಸ್ಲೈಡರ್ ಪೂರ್ತಿ ಕೆಳಗಿದ್ದೂ ಚುಚ್ಚುತ್ತಿದ್ದರೆ? ಆಂಡ್ರಾಯ್ಡ್ 12ರಿಂದ ಈಚೆಗೆ 'ಎಕ್ಸ್‌ಟ್ರಾ ಡಿಮ್' ಅಂತ ಒಂದಿದೆ. ಮೇಲಿಂದ ಕೆಳಗೆ ಎಳೆದಾಗ ಬರುವ ಬಟನ್‌ಗಳಲ್ಲಿ ಇರುತ್ತದೆ, ಇಲ್ಲದಿದ್ದರೆ ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿಯಲ್ಲಿ ಹುಡುಕಿ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ 'ರೆಡ್ಯೂಸ್ ವೈಟ್ ಪಾಯಿಂಟ್' ಇದೆ, ಆಕ್ಸೆಸಿಬಿಲಿಟಿಯೊಳಗೆ ಡಿಸ್‌ಪ್ಲೇ ಅಂಡ್ ಟೆಕ್ಸ್ಟ್ ಸೈಜ್‌ನಲ್ಲಿ. ಅದನ್ನು ಆಕ್ಸೆಸಿಬಿಲಿಟಿ ಶಾರ್ಟ್‌ಕಟ್‌ಗೆ ಹಾಕಿಕೊಂಡರೆ ಪಕ್ಕದ ಬಟನ್ ಮೂರು ಸಲ ಒತ್ತಿದರೆ ಸಾಕು. ಬೆಳಗ್ಗೆ ಆಫ್ ಮಾಡುವುದನ್ನು ಮರೆಯಬೇಡಿ. ಬಿಸಿಲಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ಸ್ಕ್ರೀನೇ ಹಾಳಾಯ್ತು ಅಂತ ನಾನು ಒಂದು ಸಲ ಗಾಬರಿಯಾಗಿದ್ದೇನೆ.

ಇವೆರಡೂ ಬಿಳಿಯನ್ನು ಬೂದು ಮಾಡುತ್ತವೆ. ಅದರ ಫಲ ನಿಮ್ಮ ಸ್ಕ್ರೀನ್ ಯಾವುದು ಅನ್ನುವುದರ ಮೇಲೆ ನಿಂತಿದೆ. ಓಎಲ್‌ಇಡಿ ಸ್ಕ್ರೀನಿನಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಅಂದರೆ ಆರಿದ ದೀಪ. ಎಲ್‌ಸಿಡಿಯಲ್ಲಿ ಹಿಂದೆ ಒಂದು ಬಿಳಿ ದೀಪ ಸದಾ ಉರಿಯುತ್ತಿರುತ್ತದೆ, ಮುಂದಿನ ಪರದೆ ಅದನ್ನು ತಡೆಯುತ್ತದೆ, ಸ್ವಲ್ಪ ಸೋರಿಯೇ ಸೋರುತ್ತದೆ. ನಿಮ್ಮದು ಯಾವುದು ಅಂತ ತಿಳಿಯಲು ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರ ತೆರೆದು ಬ್ರೈಟ್‌ನೆಸ್ ಏರಿಸಿ. ಹಲಗೆಯೆಲ್ಲಾ ಬೂದುಬೂದಾಗಿ ಹೊಳೆದರೆ ಎಲ್‌ಸಿಡಿ. ಫೋನ್ ಎಲ್ಲಿದೆ ಅಂತಲೇ ಕಾಣದಿದ್ದರೆ ಓಎಲ್‌ಇಡಿ.

ಡಾರ್ಕ್ ಮೋಡ್ ಕೆಲಸ ಮಾಡುವುದೂ ಹೀಗೇ. ಅದು ಬೆಳಗುವ ಜಾಗವನ್ನು ಚಿಕ್ಕದು ಮಾಡುತ್ತದೆ. ಪುಟದ ಬದಲು ಬರೀ ಅಕ್ಷರಗಳು ಬೆಳಗುತ್ತವೆ. ಓಎಲ್‌ಇಡಿಯಲ್ಲಿ ಇದರಷ್ಟು ಪರಿಣಾಮ ಬೇರೆ ಯಾವುದಕ್ಕೂ ಇಲ್ಲ ಅಂತ ನನ್ನ ಅನುಭವ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರ್ ಇರುವ, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ಕೆಲವರಿಗೆ ಮಾತ್ರ ಕಪ್ಪಿನ ಮೇಲೆ ಬಿಳಿ ಅಕ್ಷರ ಹರಡಿದಂತೆ ಕಾಣುತ್ತದೆ. ಅಂಥವರಿಗೆ ಬೂದು ಹಿನ್ನೆಲೆಯೇ ವಾಸಿ.

ಇನ್ನೊಂದು ಸೂಕ್ಷ್ಮ ಇದೆ. ಬಹಳಷ್ಟು ಓಎಲ್‌ಇಡಿ ಸ್ಕ್ರೀನ್‌ಗಳು ಬೆಳಕು ಇಳಿಸುವುದು ನಿಜವಾಗಿ ಮಂದ ಮಾಡಿ ಅಲ್ಲ, ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸಿ. ಬ್ರೈಟ್‌ನೆಸ್ ಕಡಿಮೆಯಾದಷ್ಟೂ ಆರಿರುವ ಹೊತ್ತು ಜಾಸ್ತಿ. ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ, ಕೆಲವರಿಗೆ ತಲೆನೋವು ಬರುತ್ತದೆ. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ನೋಡಿದರೆ ಸ್ಕ್ರೀನ್ ಮೇಲೆ ಕಪ್ಪು ಪಟ್ಟಿಗಳು ಹರಿದಾಡುವುದು ಕಾಣಬಹುದು. ನಿಮಗೆ ತೊಂದರೆ ಆಗುತ್ತಿದ್ದರೆ ಸ್ಲೈಡರ್ ಸ್ವಲ್ಪ ಮೇಲಿಟ್ಟು ಎಕ್ಸ್‌ಟ್ರಾ ಡಿಮ್ ಹಾಕಿ ನೋಡಿ. ಬೆಳಕು ಅಷ್ಟೇ ಇರುತ್ತದೆ, ಮಿಟುಕುವುದು ಕಡಿಮೆಯಾಗುತ್ತದೆ.

ಹಳೇ ಫೋನ್‌ಗಳಿಗೆ ಸ್ಕ್ರೀನ್ ಮೇಲೆ ಕಪ್ಪು ತೆರೆ ಎಳೆಯುವ ಆ್ಯಪ್‌ಗಳಿವೆ. ಅವು 'ಬೇರೆ ಆ್ಯಪ್‌ಗಳ ಮೇಲೆ ತೋರಿಸು' ಎಂಬ ಅನುಮತಿ ಕೇಳುತ್ತವೆ. ಮೋಸದ ಆ್ಯಪ್‌ಗಳು ಕೇಳುವುದೂ ಇದನ್ನೇ. ಹಾಗಾಗಿ ತೆರೆ ಇರುವಾಗ ಕೆಲವು ಬ್ಯಾಂಕ್ ಆ್ಯಪ್‌ಗಳು ಮುಂದೆ ಹೋಗಲು ಬಿಡುವುದಿಲ್ಲ. ಫೋನಿನಲ್ಲೇ ದಾರಿ ಇದ್ದರೆ ಇವುಗಳ ಸಹವಾಸ ಬೇಡ.

ಹಳದಿ ಮಾಡಿದರೆ ಸಾಕಾ?

ರಾತ್ರಿ ಫೋನ್ ಅಂದ ತಕ್ಷಣ ಎಲ್ಲರೂ ಹೇಳುವುದು 'ನೀಲಿ ಬೆಳಕು'. ನೈಟ್ ಲೈಟ್, ನೈಟ್ ಶಿಫ್ಟ್, ಐ ಕಂಫರ್ಟ್ ಶೀಲ್ಡ್, ಹೆಸರು ಯಾವುದಾದರೂ ಮಾಡುವುದು ಸ್ಕ್ರೀನನ್ನು ಹಳದಿಗೆ ತಿರುಗಿಸುವುದನ್ನೇ. ಇದರ ಹಿಂದೆ ನಿಜವಾದ ವಿಜ್ಞಾನ ಇದೆ. ದಂಡ, ಶಂಕು ಅಲ್ಲದೆ ಅಕ್ಷಿಪಟದಲ್ಲಿ ಬೆಳಕನ್ನು ತಾವೇ ಗುರುತಿಸುವ ಮೂರನೇ ಥರದ ಕೋಶಗಳಿವೆ ಅಂತ 2002ರಲ್ಲಿ ಗೊತ್ತಾಯಿತು. ಅವುಗಳ ಮುಖ್ಯ ಕೆಲಸ ಚಿತ್ರ ನೋಡುವುದಲ್ಲ, ಹಗಲೋ ರಾತ್ರಿಯೋ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವುದು. ಅವು ನೀಲಿಗೆ ಬೇಗ ಎಚ್ಚೆತ್ತುಕೊಳ್ಳುತ್ತವೆ. ಆಗ ನಿದ್ದೆಯ ಹೊತ್ತಿನಲ್ಲಿ ಏರಬೇಕಾದ ಮೆಲಟೋನಿನ್ ಎಂಬ ಹಾರ್ಮೋನ್ ತಡವಾಗುತ್ತದೆ.

ಆದರೆ ಎಷ್ಟು ತಡ? ಬಾಸ್ಟನ್‌ನ ಸಂಶೋಧಕರು 2014ರ ಕೊನೆಗೆ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದರಲ್ಲಿ 12 ಜನ ಮಲಗುವ ಮುಂಚೆ 4 ಗಂಟೆ ಕಾಲ ಐಪ್ಯಾಡ್‌ನಲ್ಲಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ ಓದಿದರು. ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ಸುಮಾರು 10 ನಿಮಿಷ ತಡವಾಗಿ ನಿದ್ದೆ ಬಂತು. ನಾಲ್ಕು ಗಂಟೆ ಪೂರ್ತಿ ಬೆಳಕಿಗೆ ಹತ್ತು ನಿಮಿಷ! ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2021ರಲ್ಲಿ 167 ಯುವಜನರ ಮೇಲೆ ನೈಟ್ ಶಿಫ್ಟ್ ಪರೀಕ್ಷಿಸಿದರು. ಹಾಕಿಕೊಂಡವರ ನಿದ್ದೆಗೂ ಹಾಕದವರ ನಿದ್ದೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಳದಿ ಕಣ್ಣಿಗೆ ಹಿತ, ನಾನೂ ಹಾಕಿಕೊಳ್ಳುತ್ತೇನೆ. ಆದರೆ ಬರೀ ಬಣ್ಣ ಬದಲಾಯಿಸಿ ಬೆಳಕು ಹಾಗೇ ಬಿಟ್ಟರೆ ಪ್ರಯೋಜನ ಕಡಿಮೆ. ಬೇಕಾಗಿರುವುದು ಕಡಿಮೆ ಬೆಳಕು. 2022ರಲ್ಲಿ ಈ ಕ್ಷೇತ್ರದ ಹಲವು ತಜ್ಞರು ಸೇರಿ ಒಂದು ಸಲಹೆ ಕೊಟ್ಟರು. ಆ ಮೂರನೇ ಕೋಶಗಳ ಲೆಕ್ಕದಲ್ಲಿ, ಮಲಗುವ 3 ಗಂಟೆ ಮುಂಚಿನಿಂದ ಕಣ್ಣಿಗೆ ಬೀಳುವ ಬೆಳಕು 10 ಲಕ್ಸ್ ಮೀರಬಾರದು, ಮಲಗಿದ ಮೇಲೆ 1 ಲಕ್ಸ್ ದಾಟಬಾರದು ಅಂತ. 50 ನಿಟ್‌ಗೆ 6 ಲಕ್ಸ್ ಅನ್ನುವ ನಮ್ಮ ಲೆಕ್ಕ ನೆನಪಿದೆಯಲ್ಲ? ಫೋನ್ ಒಂದೇ ಆದರೆ ಸುಲಭವಾಗಿ ಆ ಮಿತಿಯೊಳಗೆ ಬರುತ್ತದೆ. ಮಿತಿ ಮೀರಿಸುವುದು ನೆತ್ತಿ ಮೇಲಿನ ಟ್ಯೂಬ್‌ಲೈಟ್. ಹನ್ನೊಂದು ಗಂಟೆವರೆಗೂ ಅದರ ಕೆಳಗೆ ಕೂತು ಫೋನಿಗೆ ಮಾತ್ರ ಹಳದಿ ಬಳಿದರೆ ಏನು ಬಂತು?

ಮಿಕ್ಕ ಹನ್ನೊಂದು ದೀಪಗಳು

ಮೊದಲೆಲ್ಲಾ ಫೋನಿನ ತಲೆಯ ಮೇಲೆ ಒಂದು ನೋಟಿಫಿಕೇಷನ್ ದೀಪ ಇರುತ್ತಿತ್ತು. ಈಗ ಹೆಚ್ಚಿನ ಫೋನ್‌ಗಳಲ್ಲಿ ಅದು ಹೋಗಿ ಸದಾ ಟೈಮ್ ತೋರಿಸುವ ಆಲ್ವೇಸ್ ಆನ್ ಡಿಸ್‌ಪ್ಲೇ ಬಂದಿದೆ. ಅದನ್ನು ಪೂರ್ತಿ ಆಫ್ ಮಾಡಬಹುದು, ಅಥವಾ ಆಂಡ್ರಾಯ್ಡ್‌ನ ಬೆಡ್‌ಟೈಮ್ ಮೋಡ್, ಐಫೋನ್‌ನ ಸ್ಲೀಪ್ ಫೋಕಸ್ ಹಾಕಿದರೆ ರಾತ್ರಿ ಹೊತ್ತು ತಾನೇ ಆರುವಂತೆ ಮಾಡಬಹುದು. ದೀಪ ಇರುವ ಹಳೇ ಫೋನ್ ಆದರೆ ನೋಟಿಫಿಕೇಷನ್ ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸುವ ಸ್ವಿಚ್ ಇರುತ್ತದೆ. ಏನೂ ಸಿಗಲಿಲ್ಲವೇ, ಫೋನನ್ನು ಬೋರಲು ಹಾಕಿ.

ಎಸಿ ಇದ್ದವರು ರಿಮೋಟ್ ಒಮ್ಮೆ ಸರಿಯಾಗಿ ನೋಡಿ. ಡಿಸ್‌ಪ್ಲೇ ಅಥವಾ ಲೈಟ್ ಅಂತ ಒಂದು ಬಟನ್ ಇರುವ ಸಾಧ್ಯತೆ ಇದೆ, ಗೋಡೆ ಮೇಲೆ ಹೊಳೆಯುವ ಆ 24 ಅಂಕಿ ಆರುತ್ತದೆ. ಕೆಲವು ರೂಟರ್‌ಗಳಲ್ಲೂ ದೀಪ ಆರಿಸುವ ಬಟನ್ ಇಲ್ಲವೇ ಸೆಟ್ಟಿಂಗ್ ಇದೆ. ನಮ್ಮನೆ ರೂಟರ್‌ನಲ್ಲಿ ಇರಲಿಲ್ಲ. ನಾನು ಇನ್ಸುಲೇಷನ್ ಟೇಪ್ ಹುಡುಕುತ್ತಿದ್ದೆ. ಅಮ್ಮ ತಮ್ಮ ಪರ್ಸಿನಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದು, ಮೆರೂನ್ ಬಣ್ಣದ ನಾಲ್ಕು ಬೊಟ್ಟು ಕಿತ್ತು ಒಂದೊಂದೇ ದೀಪದ ಮೇಲೆ ಅಂಟಿಸಿದರು. ಮಖಮಲ್ಲಿನ ಬೊಟ್ಟು, ಅಳತೆ ಮಾಡಿಸಿದ ಹಾಗೆ ಕೂತಿತು. ಇನ್ಸುಲೇಷನ್ ಟೇಪ್ ಬಿಸಿಗೆ ಅಂಟಂಟಾಗಿ ಜಾರುತ್ತದೆ, ಕಿತ್ತರೆ ಗಮ್ ಉಳಿಯುತ್ತದೆ. ಬೊಟ್ಟು ಉಗುರಿನಿಂದ ಎಬ್ಬಿದರೆ ಬಂತು. ಪೂರ್ತಿ ಮುಚ್ಚುವುದು ಬೇಡ, ಮಂದ ಆದರೆ ಸಾಕು ಅನ್ನುವವರಿಗೆ ಗಾಯಕ್ಕೆ ಹಾಕುವ ಬಿಳಿ ಪೇಪರ್ ಟೇಪ್ ಒಳ್ಳೆಯದು. ಒಂದು ಪದರ ಸಾಲದಿದ್ದರೆ ಎರಡು.

ನಾಲ್ಕೇ ಬೊಟ್ಟು ಯಾಕೆ ಅಂದರೆ, ಐದನೆಯದು ಪವರ್ ದೀಪ, ಕತ್ತಲಲ್ಲಿ ರೂಟರ್ ಎಲ್ಲಿದೆ ಅಂತ ಹುಡುಕಿಕೊಂಡು ಸ್ವಿಚ್ ಹಾಕಲು ಅದು ಬೇಕು. ಎಲ್‌ಓಎಸ್ ಅಂತ ಬರೆದಿರುವ ದೀಪವನ್ನೂ ಬಿಟ್ಟುಬಿಡಿ. ಎಲ್ಲ ಸರಿ ಇದ್ದಾಗ ಅದು ಆರಿಯೇ ಇರುತ್ತದೆ, ಫೈಬರ್ ಕಟ್ಟಾದರೆ ಮಾತ್ರ ಕೆಂಪಗೆ ಹೊತ್ತುತ್ತದೆ. ಇನ್ವರ್ಟರ್‌ನಲ್ಲೂ ಅಷ್ಟೇ, ಓವರ್‌ಲೋಡ್, ಬ್ಯಾಟರಿ ನೀರಿನ ದೀಪ ಮುಚ್ಚಬಾರದು. ಸೆಟ್‌ಟಾಪ್ ಬಾಕ್ಸ್‌ನಲ್ಲಿ ರಿಮೋಟ್ ಹಿಡಿಯುವ ಕಪ್ಪು ಕಿಂಡಿ ದೀಪದ ಪಕ್ಕದಲ್ಲೇ ಇರುತ್ತದೆ, ಬೊಟ್ಟು ಅದರ ಮೇಲೆ ಕೂತರೆ ಚಾನೆಲ್ ಬದಲಾಗುವುದಿಲ್ಲ. ಸೊಳ್ಳೆ ಮೆಷಿನ್ ಬಿಸಿಯಾಗುವ ವಸ್ತು, ಅದರ ಮೇಲೆ ಏನೂ ಅಂಟಿಸಬೇಡಿ. ನಾವು ಅದನ್ನು ಸೋಫಾ ಹಿಂದಿನ ಪ್ಲಗ್‌ಗೆ, ಬಟ್ಟೆ ತಾಗದಷ್ಟು ಜಾಗ ಬಿಟ್ಟು ಹಾಕಿದೆವು.

ಕೊನೆಗೆ ಟಿವಿಯ ಕೆಂಪು ಚುಕ್ಕಿ ಉಳಿಯಿತು. ಅದಕ್ಕೂ ಬೊಟ್ಟು ಇಡಲು ಹೋದೆ. ಅಮ್ಮ ಬಿಡಲಿಲ್ಲ. "ಅದಿರ್ಲಿ ಬಿಡೋ. ನಡುರಾತ್ರಿ ಎದ್ರೆ ಬಚ್ಚಲು ಯಾವ ಕಡೆ ಅಂತ ಗೊತ್ತಾಗ್ಬೇಕಲ್ಲ. ಊರಲ್ಲಾದ್ರೆ ಜೀರೋ ಬಲ್ಬ್ ಇರುತ್ತೆ." ಊರಿನ ಜೀರೋ ಬಲ್ಬ್ ನೀಲಿಯದು. ಆ ಮಟ್ಟಿಗೆ ಬೆಂಗಳೂರಿನ ಟಿವಿಯೇ ವಾಸಿ. ಕೆಂಪು ಬೆಳಕಿಗೆ ದಂಡ ಕೋಶಗಳು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ, ಅರ್ಧ ಗಂಟೆ ಕಾದು ಗಳಿಸಿದ ಇರುಳಿನ ದೃಷ್ಟಿ ಹಾಗೇ ಉಳಿಯುತ್ತದೆ. ಮುಂದಿನ ಸಲ ಊರಿಗೆ ಹೋಗುವಾಗ ಅರ್ಧ ವ್ಯಾಟಿನ ಕೆಂಪು ಎಲ್‌ಇಡಿ ಬಲ್ಬ್ ಒಂದು ತಗೊಂಡು ಹೋಗಬೇಕು. ಬೊಟ್ಟಿನ ಹಾಳೆಯನ್ನು ಅಮ್ಮ ನಮ್ಮನೆ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲೇ ಬಿಟ್ಟು ಹೋಗಿದ್ದಾರೆ.